ಫ್ಯಾನ್ ಬದಲಿಸುವ ಮುಂಚೆ ವೈರ್ ಎಣಿಸಿ

ಚಿಕ್ಕಪ್ಪ (ಫಾರ್ವರ್ಡ್): ನಿಮ್ಮ ಕಂಪ್ಯೂಟರಿನ ಪ್ರೊಸೆಸರ್ ಫ್ಯಾನ್ ಯಾವಾಗಲೂ ಒಂದೇ ವೇಗದಲ್ಲಿ ತಿರುಗುತ್ತಿದೆಯೇ? ಫ್ಯಾನ್ ಕೆಟ್ಟಿದೆ ಎಂದರ್ಥ. ಇಂದೇ ಬದಲಿಸಿ. ಇಲ್ಲದಿದ್ದರೆ ಪ್ರೊಸೆಸರ್ ಸುಟ್ಟು ಹೋಗುತ್ತದೆ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ಮಗಳೇ, ಇದು ನಿನಗೇ ಬರೆದ ಹಾಗಿದೆ ನೋಡು. ಹೋದ ವಾರ ಸದ್ದು ಜಾಸ್ತಿ ಅಂದಿದ್ದೆಯಲ್ಲ.

ಅಕ್ಕ: ಹೌದು ಚಿಕ್ಕಪ್ಪ. ಆನ್ ಮಾಡಿದಾಗಿನಿಂದ ಆಫ್ ಮಾಡುವ ತನಕ ಒಂದೇ ಸಮ ಬುಸುಗುಡುತ್ತದೆ. ಸುಮ್ನೆ ಒಂದು ಪತ್ರ ಟೈಪ್ ಮಾಡಿದರೂ ಅಷ್ಟೇ. ಹೊಸದು ತರಿಸಿಬಿಡಲಾ?

ನಾನು: ಬೇಡ ಅಕ್ಕ, ತಡಿ. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಆ ಫಾರ್ವರ್ಡ್ ತಪ್ಪು. ಕೆಡುವ ಫ್ಯಾನ್ ನಿಧಾನವಾಗುತ್ತದೆ, ಕಟಕಟ ಅನ್ನುತ್ತದೆ, ನಿಲ್ಲುತ್ತದೆ. ಪೂರ್ತಿ ವೇಗದಲ್ಲಿ ಓಡುತ್ತಿದೆ ಅಂದರೆ ಮೋಟಾರ್ ಚೆನ್ನಾಗಿಯೇ ಇದೆ. ‘ನಿಧಾನ ಆಗು’ ಅನ್ನುವ ಆದೇಶ ಅದಕ್ಕೆ ಮುಟ್ಟುತ್ತಿಲ್ಲ, ಅಷ್ಟೇ.

ಚಿಕ್ಕಪ್ಪ: ಪ್ರೊಸೆಸರ್ ಸುಟ್ಟರೆ ಯಾರು ಹೊಣೆ? ಹೇಳುವುದು ಸುಲಭ.

ನಾನು: ಈಗಿನ ಪ್ರೊಸೆಸರ್‌ಗಳು ಬಿಸಿ ಮಿತಿ ಮುಟ್ಟಿದರೆ ತಾವೇ ನಿಧಾನವಾಗುತ್ತವೆ. ಅದರಿಂದಲೂ ಆಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಆದರೆ ಒಂದು ಮಾತು ಒಪ್ಪುತ್ತೇನೆ, ಮೊದಲು ಬಿಸಿ ನೋಡಲೇಬೇಕು. ಧೂಳು ಕಟ್ಟಿಯೋ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಒಣಗಿಯೋ ಪ್ರೊಸೆಸರ್ 90 ಡಿಗ್ರಿಯಲ್ಲಿ ಕೂತಿದ್ದರೆ ಫ್ಯಾನ್ ಜೋರಾಗಿ ಓಡುವುದೇ ಸರಿ. ಅಕ್ಕ, ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ ಎರಡು ಅಂಕಿ ಬರೆದುಕೋ. ಡಿಗ್ರಿ ಎಷ್ಟು, ಆರ್‌ಪಿಎಂ (ನಿಮಿಷಕ್ಕೆ ಫ್ಯಾನ್ ತಿರುಗುವ ಸುತ್ತು) ಎಷ್ಟು.

ಅಕ್ಕ: 41 ಡಿಗ್ರಿ. ಫ್ಯಾನ್ 2150.

ಭಾವ: ಆರ್‌ಪಿಎಂ ತೋರಿಸುತ್ತಿದೆ. ಅಂದರೆ ಮದರ್‌ಬೋರ್ಡಿಗೂ ಫ್ಯಾನಿಗೂ ಸಂಪರ್ಕ ಸರಿಯಾಗಿದೆ. ಹಾಗಾದರೆ ಚಿಕ್ಕಪ್ಪ ಹೇಳಿದ್ದೇ ಸರಿ, ಫ್ಯಾನಿನದೇ ತೊಂದರೆ.

ನಾನು: ಭಾವ, ಎಲ್ಲರೂ ಎಡವುವುದು ಇಲ್ಲಿಯೇ. ವೇಗ ಓದುವ ವೈರ್ ಬೇರೆ, ವೇಗ ಬದಲಿಸುವ ವೈರ್ ಬೇರೆ. ಮೊದಲ ಎರಡು ವೈರ್ ಕರೆಂಟಿಗೆ, 12 ವೋಲ್ಟ್ ಮತ್ತು ಗ್ರೌಂಡ್. ಮೂರನೆಯದು ಫ್ಯಾನ್ ಕಡೆಯಿಂದ ಬೋರ್ಡಿಗೆ ವರದಿ ಒಯ್ಯುತ್ತದೆ. ಒಂದು ಸುತ್ತಿಗೆ ಎರಡು ಮಿಡಿತ, ಬೋರ್ಡ್ ಅದನ್ನು ಎಣಿಸಿ ಆರ್‌ಪಿಎಂ ತೋರಿಸುತ್ತದೆ. ಆದೇಶ ಬರುವುದು ನಾಲ್ಕನೆಯದರಲ್ಲಿ. ಅದರಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಸಿಗ್ನಲ್ ಆನ್ ಆಗಿ ಆಫ್ ಆಗುತ್ತದೆ. ಆನ್ ಇರುವ ಪಾಲು ಜಾಸ್ತಿಯಾದಷ್ಟೂ ವೇಗ ಜಾಸ್ತಿ. ಇದೇ ಪಿಡಬ್ಲ್ಯೂಎಂ. ಆ ವೈರಿನಲ್ಲಿ ಏನೂ ಬರದಿದ್ದರೆ ಫ್ಯಾನ್ ಪೂರ್ತಿ ವೇಗಕ್ಕೆ ಹೋಗುತ್ತದೆ. ಹಾಗೆ ಮಾಡಿರುವುದು ಬೇಕೆಂದೇ. ಆದೇಶ ತಪ್ಪಿದರೆ ತಣ್ಣಗಿರುವುದೇ ಮೇಲು, ಅಲ್ವಾ? ಅಕ್ಕ, ಕಂಪ್ಯೂಟರ್ ಆಫ್ ಮಾಡಿ ಮುಚ್ಚಳ ತೆಗೆ. ಫ್ಯಾನಿನಿಂದ ಎಷ್ಟು ವೈರ್ ಬಂದಿದೆ?

ಅಕ್ಕ: ಮೂರು. ಆದರೆ ಬೋರ್ಡಿನಲ್ಲಿ ನಾಲ್ಕು ಪಿನ್ ಇದೆ. ಒಂದು ಖಾಲಿ ಉಳಿದಿದೆ.

ಭಾವ: ಓ. ಹಳೆಯದರ ರೆಕ್ಕೆ ಮುರಿದಾಗ ನಾನೇ ಇನ್ನೊಂದು ಕಂಪ್ಯೂಟರಿನ ಫ್ಯಾನ್ ಹಾಕಿದ್ದೆ. ಸರಿಯಾಗಿ ಕೂತಿತು, ಅದಕ್ಕೇ ಮತ್ತೆ ನೋಡಲಿಲ್ಲ.

ನಾನು: ಕೂರುತ್ತದೆ ಭಾವ, ಅದರಲ್ಲಿ ತಪ್ಪಿಲ್ಲ. ಬಯಾಸ್ ಮಾತ್ರ ಇನ್ನೂ ಪಿಡಬ್ಲ್ಯೂಎಂ ಮೋಡಿನಲ್ಲಿರಬೇಕು. ಆಗ ಬೋರ್ಡ್ 12 ವೋಲ್ಟನ್ನು ಇಳಿಸುವುದೇ ಇಲ್ಲ, ನಾಲ್ಕನೇ ಪಿನ್ನಿನಲ್ಲಿ ಆದೇಶ ಕೊಡುತ್ತಲೇ ಇರುತ್ತದೆ. ಕೇಳಿಸಿಕೊಳ್ಳಲು ಆ ಕಡೆ ವೈರೇ ಇಲ್ಲ. ಅಕ್ಕ, ಫ್ಯಾನ್ ಸೆಟ್ಟಿಂಗಿನಲ್ಲಿ ಡಿಸಿ ಅಂತ ಇದೆಯಾ ನೋಡು. ಅದನ್ನು ಆರಿಸಿದರೆ ಬೋರ್ಡ್ ವೋಲ್ಟೇಜ್ ಇಳಿಸಿ ವೇಗ ಇಳಿಸುತ್ತದೆ.

ಚಿಕ್ಕಪ್ಪ: ಬೇಡ ಬೇಡ! ವೋಲ್ಟೇಜ್ ಕಮ್ಮಿಯಾದರೆ ಮೋಟಾರ್ ಸುಡುತ್ತದೆ. ನೀರೆತ್ತುವ ಮೋಟಾರ್ ಎರಡು ಸಲ ಹಾಗೇ ಸುಟ್ಟಿದ್ದನ್ನು ಕಣ್ಣಾರೆ ಕಂಡವನು ನಾನು.

ನಾನು: ನೀವು ಕಂಡದ್ದು ನಿಜ ಚಿಕ್ಕಪ್ಪ. ಆ ಮೋಟಾರ್ ಎಸಿಯದು. ವೋಲ್ಟೇಜ್ ಇಳಿದರೂ ಅಷ್ಟೇ ನೀರು ಎತ್ತಬೇಕು, ಅದಕ್ಕೆ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಇದು ಪುಟ್ಟ ಡಿಸಿ ಮೋಟಾರ್. ವೋಲ್ಟೇಜ್ ಇಳಿದರೆ ನಿಧಾನವಾಗಿ ತಿರುಗುತ್ತದೆ, ಆಗ ತಳ್ಳುವ ಗಾಳಿಯೂ ಕಮ್ಮಿ, ಎಳೆಯುವ ಕರೆಂಟೂ ಕಮ್ಮಿ. ತೀರಾ ಇಳಿಸಿದರೆ ತಿರುಗಲು ಶುರುವೇ ಆಗದೆ ನಿಲ್ಲಬಹುದು, ಎಚ್ಚರ ಬೇಕಾದದ್ದು ಅಲ್ಲಿ. ಅದಕ್ಕೆ ಅಕ್ಕ, ಕೆಳಗಿನ ಮಿತಿ ಶೇ 50ಕ್ಕಿಂತ ಕಮ್ಮಿ ಇಡಬೇಡ.

ಚಿಕ್ಕಪ್ಪ: ಆ ಡಿಸಿ ಆಯ್ಕೆಯೇ ಇಲ್ಲದಿದ್ದರೆ?

ನಾನು: ಕೆಲವು ಬೋರ್ಡುಗಳಲ್ಲಿ ಇರುವುದಿಲ್ಲ. ಆಗ ನಿಮ್ಮ ಮಾತೇ ಸರಿ, ಹೊಸ ಫ್ಯಾನ್ ಬೇಕು. ಅದೂ ನಾಲ್ಕು ವೈರಿನದು. ಮತ್ತೆ ಮೂರು ವೈರಿನದೇ ತಂದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಅಕ್ಕ: ಇದೆ, ಇದೆ. ಡಿಸಿ ಹಾಕಿದೆ. ಶೇ 60ಕ್ಕೆ ಇಟ್ಟೆ, 1300ಕ್ಕೆ ಇಳಿಯಿತು! ಮನೆ ಎಷ್ಟು ನಿಶ್ಶಬ್ದ ಅನ್ನಿಸುತ್ತಿದೆ ಗೊತ್ತಾ.

ನಾನು: ಈಗ ಆಟೋಗೆ ಬಿಟ್ಟು, ಭಾರದ ಕೆಲಸ ಏನಾದರೂ ಓಡಿಸು. ವೇಗ ಏರುವುದನ್ನೂ ನೋಡಬೇಕು. ಇಳಿದರಷ್ಟೇ ಸಾಲದು.

ಅಕ್ಕ: ಒಂದು ದೊಡ್ಡ ವಿಡಿಯೋ ಬೇರೆ ಫಾರ್ಮ್ಯಾಟಿಗೆ ಬದಲಿಸಲು ಹಾಕಿದ್ದೇನೆ. ಹತ್ತು ನಿಮಿಷ ಆಯಿತು. ಪ್ರೊಸೆಸರ್ 83 ಡಿಗ್ರಿ, ಫ್ಯಾನ್ ಮಾತ್ರ 1150ರಲ್ಲೇ ಇದೆ ಕಣೋ. ಏರುತ್ತಿಲ್ಲ.

ಚಿಕ್ಕಪ್ಪ: ನೋಡಿದೆಯಾ? ಜೋರಾಗಿ ಓಡುತ್ತಿದ್ದಾಗಲೇ ವಾಸಿಯಿತ್ತು.

ನಾನು: ಈಗ ಚಿಕ್ಕಪ್ಪನ ಭಯ ಸರಿಯಾದ ಭಯ. ಹೀಗೇ ಬಿಡುವಂತಿಲ್ಲ. ಅಕ್ಕ, ಮೊದಲು ಆ ಕೆಲಸ ನಿಲ್ಲಿಸು. ಬಯಾಸ್‌ನಲ್ಲಿ ಫ್ಯಾನಿನ ಗೆರೆಚಿತ್ರದ ಹತ್ತಿರ, ಯಾವ ಬಿಸಿಯನ್ನು ನೋಡಿ ವೇಗ ಬದಲಿಸಬೇಕು ಅನ್ನುವ ಆಯ್ಕೆ ಇರುತ್ತದೆ. ಅಲ್ಲಿ ಏನಿದೆ?

ಅಕ್ಕ: ಮದರ್‌ಬೋರ್ಡ್ ಅಂತಿದೆ.

ನಾನು: ಸಿಕ್ಕಿತು. ಬೋರ್ಡಿನ ಬಿಸಿ ಅಷ್ಟು ಬೇಗ ಏರುವುದಿಲ್ಲ. ಪ್ರೊಸೆಸರ್ ಕುದಿಯುತ್ತಿದ್ದರೂ ಫ್ಯಾನ್ 40 ಡಿಗ್ರಿಯನ್ನೇ ನೋಡುತ್ತಾ ಕೂತಿರುತ್ತದೆ. ಅದನ್ನು ಸಿಪಿಯು, ಅಂದರೆ ಪ್ರೊಸೆಸರ್ ಮಾಡು. ಗೆರೆ 75 ಡಿಗ್ರಿಯ ಹೊತ್ತಿಗೆ ಶೇ 100 ಮುಟ್ಟಲಿ. ಭಾವ, ವಿಂಡೋಸಿನಲ್ಲಿ ಫ್ಯಾನ್ ನಿಯಂತ್ರಿಸುವ ಪ್ರೋಗ್ರಾಂ ಏನಾದರೂ ಹಾಕಿದ್ದರೆ ತೆಗೆದುಬಿಡಿ. ಒಂದು ಫ್ಯಾನಿಗೆ ಇಬ್ಬರು ಯಜಮಾನರು ಬೇಡ.

ಭಾವ: ಒಂದಿತ್ತು. ತೆಗೆದೆ.

ಅಕ್ಕ: ಅದೇ ವಿಡಿಯೋ ಮತ್ತೆ ಹಾಕಿದೆ. 1150ರಿಂದ ಶುರುವಾಗಿ 1900ಕ್ಕೆ ಏರಿತು. ಪ್ರೊಸೆಸರ್ 71 ಡಿಗ್ರಿಗೆ ನಿಂತಿದೆ. ಮುಗಿದ ಮೇಲೆ ತಾನೇ ಇಳಿಯಿತು.

ಚಿಕ್ಕಪ್ಪ: ಸರಿ, ಒಪ್ಪಿದೆ. ಆದರೆ ನನ್ನ ಕಂಪ್ಯೂಟರಿನದೂ ಒಂದೇ ವೇಗ, ಅದಕ್ಕೇ ಆ ಫಾರ್ವರ್ಡ್ ನಂಬಿದ್ದು. ಈಗ ಎಣಿಸಿದೆ. ನಾಲ್ಕು ವೈರ್ ಇದೆ.

ನಾನು: ಹಾಗಾದರೆ ಯಾವ ಜಾಗಕ್ಕೆ ಸಿಕ್ಕಿಸಿದೆ ನೋಡಿ ಚಿಕ್ಕಪ್ಪ. ಪಿನ್ನಿನ ಪಕ್ಕ ಬೋರ್ಡಿನ ಮೇಲೆ ಅಚ್ಚಾಗಿರುತ್ತದೆ. ಪಂಪ್ ಅಂತಿದ್ದರೆ ಅದು ನೀರಿನ ಕೂಲರಿಗೆ ಇಟ್ಟದ್ದು. ಸಾಮಾನ್ಯವಾಗಿ ಪೂರ್ತಿ ವೇಗದಲ್ಲೇ ಓಡಿಸುತ್ತದೆ. ಸಿಪಿಯು ಫ್ಯಾನ್ ಅಂತಿರುವಲ್ಲಿಗೆ ಬದಲಿಸಿ.

ಚಿಕ್ಕಪ್ಪ: ಅಕ್ಷರ ಬಹಳ ಚಿಕ್ಕದು. ಟಾರ್ಚ್ ತರುತ್ತೇನೆ, ಐದು ನಿಮಿಷ ಇರು.

ನಾನು: ಮೊದಲು ಪವರ್ ವೈರ್ ಕಿತ್ತಿಡಿ ಚಿಕ್ಕಪ್ಪ.