‘ಕೇಸು ವರ್ಗ ಆಯ್ತು’ ಅಂದ್ರೆ ಯಾರು ಹೋದ ಹಾಗೆ?

ಹೋದ ವಾರ ದೊಡ್ಡಪ್ಪ ಫೋನ್ ಮಾಡಿದ್ದರು. ‘ನಮ್ಮ ಪಾಲಿನ ಕೇಸು ವರ್ಗ ಆಗಿದೆಯಂತೆ ಕಣೋ, ಜಡ್ಜು ಬೇರೆ ಊರಿಗೆ ಹೋದ್ರಾ?’ ಅಂತ ಕೇಳಿದರು. ಜಡ್ಜು ಎಲ್ಲೂ ಹೋಗಿಲ್ಲ. ಹೋಗಿರುವುದು ಕಡತ, ಅದೂ ಕಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಿಂದ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿರುವ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ, ದಾಯಾದಿಗಳ ಇನ್ನೊಂದು ದಾವೆ ಅಲ್ಲಿದೆ, ಎರಡೂ ಒಟ್ಟಿಗೆ ನಡೆಯಲಿ ಅಂತ.

ತೊಂದರೆ ಇರುವುದು ಪದದಲ್ಲೇ ಅನ್ನಿಸುತ್ತದೆ. ಮೇಷ್ಟ್ರಿಗೂ ವರ್ಗಾವಣೆ, ಶಾಲೆ ಬಿಟ್ಟ ಮಗುವಿಗೂ ವರ್ಗಾವಣೆ ಪತ್ರ, ದಾವೆಗೂ ಅದೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಲ್ಲಿ ಹೈಕೋರ್ಟು ಅಥವಾ ಜಿಲ್ಲಾ ಕೋರ್ಟು ತನ್ನ ಕೈಕೆಳಗಿನ ಒಂದು ಕೋರ್ಟಿನಿಂದ ದಾವೆ ತೆಗೆದು ಇನ್ನೊಂದಕ್ಕೆ ಕೊಡಬಹುದು, ಯಾರೂ ಅರ್ಜಿ ಹಾಕದಿದ್ದರೂ ಸರಿ. ಹೊಸ ಕೋರ್ಟು ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಸಬಹುದು. (ಕಲಮಿಗೆ ಸರ್ಕಾರಿ ಕನ್ನಡದಲ್ಲಿ ‘ಪ್ರಕರಣ’ ಅಂತಾರೆ, ಕೇಸಿಗೂ ‘ಪ್ರಕರಣ’. ‘24ನೇ ಪ್ರಕರಣದಂತೆ ಪ್ರಕರಣ ವರ್ಗಾಯಿಸಲಾಗಿದೆ’ ಅಂತ ಬರೆದರೆ ಓದುವವನ ಗತಿ ಏನು!)

ಆದರೆ ‘ಈ ದಾವೆ ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಕೋರ್ಟು ವಾದಪತ್ರವನ್ನೇ (ದಾವೆ ಹೂಡಲು ನಾವು ಕೊಟ್ಟ ಬರಹ) ವಾಪಸ್ ಕೊಡುವುದು ಬೇರೆ ವಿಷಯ. ಅದು ಅದೇ ಸಂಹಿತೆಯ 7ನೇ ಆದೇಶದ 10ನೇ ನಿಯಮ. ಅಲ್ಲಿ ನಾವೇ ಸರಿಯಾದ ಕೋರ್ಟಿಗೆ ಹೋಗಿ ಹಾಕಬೇಕು, ವಿಚಾರಣೆ ಮೊದಲಿನಿಂದ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಇಷ್ಟು ವ್ಯತ್ಯಾಸ ಇದ್ದರೂ ಗುಮಾಸ್ತರ ಬಾಯಲ್ಲಿ ಎರಡೂ ‘ಆ ಕೋರ್ಟಿಗೆ ಹೋಯ್ತು’. ದೊಡ್ಡಪ್ಪ ಹೆದರಿದ್ದೂ ಅದಕ್ಕೇ, ಮತ್ತೆ ಸಾಕ್ಷಿ ಹೇಳಬೇಕಾ ಅಂತ.

ನನ್ನ ಮಟ್ಟಿಗೆ ‘ವರ್ಗ ಆಯ್ತು’ ಅಂತ ಬಿಟ್ಟುಬಿಡುವ ಬದಲು ‘ದಾವೆಯನ್ನು ಇಂಥ ಕೋರ್ಟಿಗೆ ವರ್ಗಾಯಿಸಿದ್ದಾರೆ’ ಅಂದರೆ ಗೊಂದಲ ಅರ್ಧ ಕಡಿಮೆ. ಇನ್ನೊಂದಕ್ಕೆ ‘ವಾದಪತ್ರ ವಾಪಸ್’ ಸಾಕು, ‘ಹಿಂದಿರುಗಿಸುವಿಕೆ’ ಯಾರಿಗೂ ಬಾಯಿಗೆ ಬರಲ್ಲ.

ಇನ್ನು ಸಿವಿಲ್ ನ್ಯಾಯಾಧೀಶರ ಕೋರ್ಟುಗಳಿಗೆ ಅಂಟಿಸುವ ‘ಕಿರಿಯ ವಿಭಾಗ’, ‘ಹಿರಿಯ ವಿಭಾಗ’. ಕಿರಿಯ ವಿಭಾಗ ಅಂದ ಕೂಡಲೇ ನನಗೆ ಶಾಲೆಯ ಓಟದ ಸ್ಪರ್ಧೆ ನೆನಪಾಗುತ್ತದೆ. ‘ಶ್ರೇಣಿ’ ವಾಸಿ ಅಲ್ವಾ? ಕಿರಿಯ ವಿಭಾಗದ ಕೋರ್ಟಿಗೆ ಹಳಬರು ಇವತ್ತಿಗೂ ಮುನ್ಸೀಫ್ ಕೋರ್ಟು ಅಂತಾರೆ, 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯಿದೆಯಲ್ಲಿದ್ದ ಹೆಸರು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಈ ರಗಳೆ ಇಲ್ಲ, ಸುಮ್ನೆ ಹಾಲ್ ನಂಬರ್ ಹೇಳುತ್ತಾರೆ.

ಕೇಸಿಗೆ ‘ಖಟ್ಲೆ’ ಅನ್ನುವ ಕಡೆಯವರು ಇದಕ್ಕೆ ಏನನ್ನುತ್ತೀರಿ? ಖಟ್ಲೆ ವರ್ಗ ಆಗುತ್ತದೋ, ಬೇರೆ ಮಾತಿದೆಯೋ?