ಶಾಲೆಯ ಮಾಡು (ಛಾವಣಿ) ಬಿಚ್ಚುತ್ತಾರೆ, ಜೂನ್‌ನಲ್ಲಿ ಮಕ್ಕಳನ್ನು ಎಲ್ಲಿ ಕೂರಿಸೋದು?

ಗುಡ್ಡೆಮನೆ:
ಕಾಸರಗೋಡಿನ ಬದಿಯಡ್ಕ ಕಡೆಯವನು, ಈ ವರ್ಷ ಶಾಲೆಯ ಪಿಟಿಎಯಲ್ಲಿ (ಹೆತ್ತವರ-ಶಿಕ್ಷಕರ ಸಂಘ) ಇದ್ದೇನೆ. ನಮ್ಮದು ಅನುದಾನಿತ ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ, ಹಂಚಿನ ಮಾಡು. ಹಂಚು ಹೊರುವ ಮರದ ಪಕ್ಕಾಸಿಗೆ ಒರಲೆ (ಗೆದ್ದಲು) ಹಿಡಿದು ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಪಂಚಾಯತ್ ಎಂಜಿನಿಯರ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವುದಿಲ್ಲ ಅಂದರು, ಸರಿಯೇ. ಶಾಲೆ ನಡೆಸುವ ಮ್ಯಾನೇಜರು ರಿಪೇರಿಗೆ ಒಪ್ಪಿದ್ದಾರೆ, ಆದರೆ ಓಣಂಗೆ ಮೊದಲು ಮುಗಿಯುವ ಲಕ್ಷಣ ಇಲ್ಲ. ಹತ್ತಿರ ಇರುವುದು ಭಜನಾ ಮಂದಿರದ ಹಾಲ್. ನಾಲ್ಕು ಕಿಲೋಮೀಟರ್ ಆಚೆ ಮಲಯಾಳ ಮೀಡಿಯಂ ಶಾಲೆಯಲ್ಲಿ ಕೋಣೆಗಳು ಖಾಲಿ ಇವೆಯಂತೆ, ನನಗೆ ಅದೇ ಒಳ್ಳೆಯದು ಅನಿಸುತ್ತದೆ. ಯಾರಾದರೂ ಹೀಗೆ ಮಾಡಿದ್ದೀರಾ?

ಹಳೇ ಟೀಚರ್:
ದೂರ ಮಾತ್ರ ಹೋಗಬೇಡಿ ಮಾರಾಯ್ರೇ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆಲೆಕ್ಕ ಮಾಡುತ್ತಾರೆ, ನೆನಪಿದೆ ಅಲ್ವಾ? ಟೀಚರ್ ಹುದ್ದೆ ನಿಲ್ಲುವುದು ಅದರ ಮೇಲೆಯೇ. ನಮ್ಮಲ್ಲಿ ಒಂದನೇ ಕ್ಲಾಸಿಗೆ 32 ಮಕ್ಕಳು, 30 ದಾಟಿದ್ದಕ್ಕೆ ಎರಡು ಡಿವಿಷನ್ ಸಿಕ್ಕಿತ್ತು. ಕ್ಲಾಸು ದೂರಕ್ಕೆ ಹೋದಾಗ ಜೀಪಿನ ಖರ್ಚು ಯಾರು ಕೊಡುವುದು ಅಂತ ಜಗಳ ಆಗಿ ಮೂರು ಮನೆಯವರು ಒಂದನೇಯ ಮಕ್ಕಳ ಟಿಸಿ ತೆಗೆದರು. ಡಿವಿಷನ್ ಹೋಯ್ತು, ಅದರ ಜೊತೆ ಒಬ್ಬರು ಟೀಚರ್ ಕೂಡ. ಇಂಗ್ಲಿಷ್ ಮೀಡಿಯಂಗೆ ಹೋದ ಆ ಮೂವರೂ ಮತ್ತೆ ಬರಲಿಲ್ಲ.

ಮುಳ್ಳೇರಿಯದವ:
ಭಜನಾ ಮಂದಿರದಲ್ಲಿ ನಾವು ಎರಡು ತಿಂಗಳು ಕಳೆದಿದ್ದೇವೆ. ಒಂದೇ ಹಾಲ್‌ನಲ್ಲಿ ನಾಲ್ಕು ಕ್ಲಾಸು, ಅಡಕೆ ಸಲಾಕೆಗೆ ಟಾರ್ಪಾಲು ಕಟ್ಟಿ ತಟ್ಟಿ ಮಾಡಿದೆವು, ನೋಡಲು ಚಂದ ಇತ್ತು, ಆದರೆ ಒಂದನೇಯವರು ಪದ್ಯ ಶುರು ಮಾಡಿದರೆ ನಾಲ್ಕನೇಯವರ ಗಣಿತ ಅಲ್ಲಿಗೇ ಮುಗಿಯಿತು. ಮೇಲಿಂದ ಮಳೆಯ ಸದ್ದು ಬೇರೆ. ದೊಡ್ಡ ತಲೆಬಿಸಿ ಮೊಟ್ಟೆಯದ್ದು. ವಾರಕ್ಕೊಂದು ದಿನ ಮಧ್ಯಾಹ್ನದ ಊಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡಬೇಕು, ಮಂದಿರದ ಒಳಗೆ ಹೇಗೆ ಕೊಡುವುದು? ಅಡುಗೆ ಶಾಲೆಯಲ್ಲೇ ಮಾಡಿಸಿ, ಪಕ್ಕದ ಮನೆಯವರ ಅಂಗಳದ ಚಪ್ಪರದಲ್ಲಿ ಊಟ ಹಾಕಿದೆವು. ಆ ಮನೆಯ ಅಕ್ಕ ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ.

ಉಪ್ಪಳ ಪೇಟೆ:
ನಿಮ್ಮಲ್ಲಿ ಮದ್ರಸ ಇಲ್ವಾ? ಬೆಳಗಿನ ಕ್ಲಾಸು ಶಾಲೆಯ ಬೆಲ್ ಹೊಡೆಯುವ ಮೊದಲೇ ಮುಗಿಯುತ್ತದೆ, ಆಮೇಲೆ ಕೋಣೆಗಳು ಸುಮ್ನೆ ಖಾಲಿ. ಬೆಂಚು, ಬೋರ್ಡು, ಟಾಯ್ಲೆಟ್ ಎಲ್ಲ ಇರುತ್ತದೆ. ನಮ್ಮ ಊರಲ್ಲಿ ಕಮಿಟಿಯವರು ಬಾಡಿಗೆಯೂ ಬೇಡ ಅಂದರು, ಕರೆಂಟ್ ಬಿಲ್ ಕೊಟ್ಟೆವು ಅಷ್ಟೆ. ಬಾಯಿಮಾತಲ್ಲಿ ಮಾತ್ರ ಬಿಡಬೇಡಿ. ಹೆಡ್‌ಮಾಷ್ಟ್ರ ಕೈಯಲ್ಲಿ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆಸಿ ಒಪ್ಪಿಗೆ ತೆಗೆದುಕೊಳ್ಳಿ, ಆ ಕಟ್ಟಡವನ್ನೂ ಎಂಜಿನಿಯರ್‌ಗೆ ತೋರಿಸಿ.

ಗುಡ್ಡೆಮನೆ:
ಮದ್ರಸ ಇದೆ, ಎರಡು ತೋಟ ಆಚೆ, ನನ್ನ ತಲೆಗೇ ಹೋಗಲಿಲ್ಲ ನೋಡಿ. ಜೀಪೂ ಬೇಡ. ಮಧ್ಯೆ ತೋಡಿಗೆ ಅಡಕೆ ಮರದ ಸಂಕ (ಕಾಲುಸೇತುವೆ) ಇದೆ, ಮಳೆಗಾಲದಲ್ಲಿ ಜಾರುತ್ತದೆ, ಅದಕ್ಕೊಂದು ಕೈತಾಂಗು ಕಟ್ಟಬೇಕು. ಕಮಿಟಿಯವರನ್ನು ಆದಿತ್ಯವಾರ ಹೋಗಿ ಕೇಳುತ್ತೇನೆ.