ಹೈಸ್ಕೂಲ್ ಫುಟ್‌ಬಾಲ್ ಆಟಗಾರರನ್ನು ಕಾಲೇಜು ತಂಡಕ್ಕೆ ಆರಿಸುವಾಗ ಸ್ಟಾರ್ ರೇಟಿಂಗನ್ನು ಎಷ್ಟು ನಂಬಬೇಕು?

ಪ್ರಶ್ನೆ: ಉತ್ತರ ಟೆಕ್ಸಾಸ್ ವಾಸಿ

ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಟೆಕ್ಸಾಸ್‌ಗೆ ಎಂ.ಎಸ್. ಓದಲು ಬಂದಾಗಿನಿಂದ ನಾನು ಓದಿದ ವಿಶ್ವವಿದ್ಯಾಲಯದ ತಂಡವನ್ನು ಬಿಡದೆ ನೋಡುತ್ತ ಬಂದಿದ್ದೇನೆ. ಅದು ಅಲಬಾಮ, ಜಾರ್ಜಿಯಗಳಂಥ ದೊಡ್ಡ ತಂಡವಲ್ಲ. ರೇಟಿಂಗ್ ಸಂಸ್ಥೆಗಳು ಅತ್ಯುನ್ನತ ದರ್ಜೆ ಕೊಟ್ಟ ಐದು ಸ್ಟಾರ್ ಹುಡುಗರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಈ ಸಲದ ರಿಕ್ರೂಟಿಂಗ್ ಪಟ್ಟಿಯಲ್ಲಿ ನಮಗೆ 24 ಮಂದಿ ಒಪ್ಪಿಕೊಂಡಿದ್ದಾರೆ, ನಮ್ಮ ಎದುರಾಳಿ ತಂಡಕ್ಕೆ 16 ಮಂದಿ. ರ್‍ಯಾಂಕಿಂಗ್‌ನಲ್ಲಿ ನಾವು ಮೇಲಿದ್ದೇವೆ, ಆದರೆ ತಲಾ ಸರಾಸರಿ ರೇಟಿಂಗ್ ಅವರದೇ ಹೆಚ್ಚು. ಹಾಗಾದರೆ ಯಾರ ಪಟ್ಟಿ ಉತ್ತಮ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಆಫೆನ್ಸಿವ್ ಲೈನ್‌ಗೆಂದು (ಎದುರಾಳಿಗಳನ್ನು ತಡೆಯುವ ಮುಂದಿನ ಸಾಲು) ನಮ್ಮ ಕೋಚ್ ಒಂದು ಚಿಕ್ಕ ಊರಿನ ಹುಡುಗನನ್ನು ತೆಗೆದುಕೊಂಡಿದ್ದಾರೆ. ಅವನಿಗೆ ಎರಡೇ ಸ್ಟಾರ್, ಬೇರೆ ಯಾವ ದೊಡ್ಡ ಕಾಲೇಜಿನ ಆಫರೂ ಇಲ್ಲ. ಎತ್ತರ 6 ಅಡಿ 5 ಅಂಗುಲ ಇದ್ದರೂ ತೂಕ 240 ಪೌಂಡ್ ಮಾತ್ರ, ಈಗ ಆಡುತ್ತಿರುವುದು ಟೈಟ್ ಎಂಡ್ ಸ್ಥಾನದಲ್ಲಿ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಸ್ಥಾನ). ಡಲ್ಲಾಸ್ ಬಳಿಯ ದೊಡ್ಡ ಶಾಲೆಯೊಂದರಲ್ಲಿ ಎರಡು ವರ್ಷದಿಂದ ಟ್ಯಾಕಲ್ (ಆಫೆನ್ಸಿವ್ ಲೈನ್‌ನ ಅಂಚಿನ ಸ್ಥಾನ) ಆಗಿ ಆಡುತ್ತಿರುವ, 295 ಪೌಂಡ್ ತೂಗುವ ಮೂರು ಸ್ಟಾರ್ ಹುಡುಗನೊಬ್ಬ ಬರಲು ಸಿದ್ಧನಿದ್ದನಂತೆ. ಅವನನ್ನು ಬಿಟ್ಟು ಇವನನ್ನು ಆರಿಸಿದ್ದು ಜಾಣತನವೋ ಜೂಜೋ ನನಗೆ ತಿಳಿಯುತ್ತಿಲ್ಲ. ಹದಿನೇಳು ವರ್ಷದ ಹುಡುಗನನ್ನು ನೋಡಿ ಅವನು ಇಪ್ಪತ್ತೊಂದಕ್ಕೆ ಏನಾಗುತ್ತಾನೆ ಎಂದು ಬಲ್ಲವರು ಹೇಗೆ ಅಳೆಯುತ್ತಾರೆ?

ಉತ್ತರ: ಅಂಕಿಅಂಶಪ್ರಿಯ

ಮೊದಲ ಪ್ರಶ್ನೆಗೆ ಉತ್ತರ ಸುಲಭ: ರ್‍ಯಾಂಕಿಂಗನ್ನು ಬಿಡಿ, ಸರಾಸರಿ ನೋಡಿ. ಹೆಚ್ಚಿನವರು ಉಲ್ಲೇಖಿಸುವ 247 ಸ್ಪೋರ್ಟ್ಸ್ ಕಾಂಪೊಸಿಟ್ ಬೇರೆ ಬೇರೆ ಸಂಸ್ಥೆಗಳ ರೇಟಿಂಗ್‌ಗಳನ್ನು ಬೆರೆಸಿ ಒಬ್ಬೊಬ್ಬ ಹುಡುಗನಿಗೂ ಒಂದು ಅಂಕ ಕೊಡುತ್ತದೆ. ತಂಡದ ಒಟ್ಟು ಅಂಕಕ್ಕೆ ಗೌಸಿಯನ್ ಸೂತ್ರ ಬಳಸುವುದರಿಂದ ಅತ್ಯುತ್ತಮನ ಅಂಕ ಪೂರ್ತಿಯಾಗಿ ಸೇರಿ, ಕೆಳಗೆ ಹೋದಂತೆ ಒಬ್ಬೊಬ್ಬನ ಪಾಲು ಕಡಿಮೆಯಾಗುತ್ತ ಬರುತ್ತದೆ. ಆದರೂ ಪಾಲು ಸೊನ್ನೆಯಾಗುವುದಿಲ್ಲವಾದ್ದರಿಂದ, ಮಟ್ಟ ಸುಮಾರಾಗಿ ಒಂದೇ ಇರುವ ಎರಡು ಪಟ್ಟಿಗಳಲ್ಲಿ 24 ಮಂದಿಯ ಪಟ್ಟಿ 16 ಮಂದಿಯದಕ್ಕಿಂತ ಮೇಲೆ ಕೂರುವುದರಲ್ಲಿ ಆಶ್ಚರ್ಯವಿಲ್ಲ. ಎದುರಾಳಿ ತಂಡದಿಂದ ಈ ವರ್ಷ ಪದವಿ ಮುಗಿಸಿ ಹೋಗುವವರೇ ಕಡಿಮೆ ಇದ್ದಿರಬಹುದು. ಅದಕ್ಕೆ ಅವರು 16ಕ್ಕೆ ನಿಲ್ಲಿಸಿರಬಹುದು.

ಎರಡನೆಯದರ ಬಗ್ಗೆ ಮಾತ್ರ ನಾನು ನಿಮ್ಮ ಕೋಚ್ ಪರ ನಿಲ್ಲುವುದಿಲ್ಲ. ಸ್ಟಾರ್‌ಗಳನ್ನು ಹಗುರವಾಗಿ ಮಾತಾಡುವವರು ಯಾವಾಗಲೂ ಜೋಶ್ ಅಲೆನ್ ಕತೆ ಹೇಳುತ್ತಾರೆ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ಆ ಹುಡುಗನಿಗೆ ಹೈಸ್ಕೂಲ್ ಮುಗಿದಾಗ ಮೇಲಿನ ದರ್ಜೆಯ ಒಂದು ಕಾಲೇಜೂ ಆಫರ್ ಕೊಡಲಿಲ್ಲ. ಅವನು ರೀಡ್ಲಿಯ ಎರಡು ವರ್ಷದ ಕಾಲೇಜಿಗೆ ಸೇರಿ, ಅಲ್ಲಿಂದ ವಯೋಮಿಂಗ್‌ಗೆ ಹೋಗಿ, 2018ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಏಳನೆಯವನಾಗಿ ಆಯ್ಕೆಯಾದ. ಕತೆ ನಿಜ, ಅದರಿಂದ ತೆಗೆಯುವ ತೀರ್ಮಾನ ತಪ್ಪು. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿರುವುದರಿಂದ 247 ಸ್ಪೋರ್ಟ್ಸ್ ಐದು ಸ್ಟಾರ್‌ಗಳನ್ನೂ ವರ್ಷಕ್ಕೆ ಸುಮಾರು 32 ಮಂದಿಗೆ ಸೀಮಿತಗೊಳಿಸುತ್ತದೆ. ನಾಲ್ಕು ಸ್ಟಾರ್ ಸಿಗುವವರು ಕೆಲವು ನೂರು, ಮೂರು ಸ್ಟಾರ್‌ನವರು ಸಾವಿರದ ಲೆಕ್ಕ. ಐದು ಸ್ಟಾರ್‌ನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಡ್ರಾಫ್ಟ್ ಆಗುತ್ತಾರೆ, ಮೂರು ಸ್ಟಾರ್‌ನವರಲ್ಲಿ ನೂರಕ್ಕೆ ಕೆಲವರು ಮಾತ್ರ. ಆದರೂ ಗುಂಪು ಅಷ್ಟು ದೊಡ್ಡದಿರುವುದರಿಂದ ಎನ್‌ಎಫ್‌ಎಲ್ ತಂಡಗಳಲ್ಲಿ ತಲೆ ಎಣಿಸಿದರೆ ಮೂರು ಸ್ಟಾರ್‌ನವರೇ ಹೆಚ್ಚು ಕಾಣುತ್ತಾರೆ. ಹಾಗೆ ಎಣಿಸಿ ‘ಸ್ಟಾರ್‌ಗೆ ಅರ್ಥವಿಲ್ಲ’ ಎನ್ನುವವರು ಛೇದವನ್ನು ಮರೆತು ಅಂಶವನ್ನಷ್ಟೇ ನೋಡುತ್ತಿದ್ದಾರೆ.

ತಂಡದ ಮಟ್ಟದಲ್ಲೂ ಇದು ಕಾಣುತ್ತದೆ. ಬಡ್ ಎಲಿಯಟ್ ಎಂಬ ಬರಹಗಾರರು ಬಳಕೆಗೆ ತಂದ ‘ಬ್ಲೂ-ಚಿಪ್ ರೇಶಿಯೊ’ ಪ್ರಕಾರ, ಹಿಂದಿನ ನಾಲ್ಕು ವರ್ಷಗಳಲ್ಲಿ ಸಹಿ ಹಾಕಿದ ಹೈಸ್ಕೂಲ್ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ಸ್ಟಾರ್‌ನವರಾಗಿದ್ದ ತಂಡಗಳೇ ಬಹುಕಾಲ ರಾಷ್ಟ್ರೀಯ ಪ್ರಶಸ್ತಿ ಗೆಲ್ಲುತ್ತ ಬಂದವು. ರೇಟಿಂಗ್‌ನಲ್ಲಿ ಒಂದು ಸುತ್ತುತರ್ಕವಿದೆ ಎಂಬುದನ್ನು ಒಪ್ಪುತ್ತೇನೆ: ದೊಡ್ಡ ತಂಡ ಆಫರ್ ಕೊಟ್ಟ ಮೇಲೆ ಹುಡುಗನ ಸ್ಟಾರ್ ಏರುವುದುಂಟು. ಆದರೆ ಅದು ದೋಷ ಮಾತ್ರವಲ್ಲ, ಮಾಹಿತಿಯೂ ಹೌದು. ಹತ್ತಾರು ಕೋಚ್‌ಗಳು ನೋಡಿ ಬೇಡವೆಂದ ಹುಡುಗನನ್ನು ಒಬ್ಬರು ಬೇಕೆಂದರೆ, ತಪ್ಪಿರುವುದು ಯಾರ ಕಣ್ಣು ಎಂದು ಕೇಳುವುದು ನ್ಯಾಯವೇ.

ಉತ್ತರ: ಶುಕ್ರವಾರದ ಕ್ಯಾಮೆರಾ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದು ಗುಂಪಿನ ಲೆಕ್ಕ. ಪ್ರಶ್ನೆ ಇರುವುದು ಒಬ್ಬ ಹುಡುಗನ ಬಗ್ಗೆ. ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ, ಶುಕ್ರವಾರ ರಾತ್ರಿ ತಂಡದ ಪಂದ್ಯಗಳನ್ನು ಚಿತ್ರೀಕರಿಸುತ್ತೇನೆ. ಕಾಲೇಜು ಕೋಚ್‌ಗಳು ಬಂದು ಕೂತು ನೋಡುವಾಗ ಅವರು ಎಲ್ಲಿ ವಿಡಿಯೊ ನಿಲ್ಲಿಸುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ಕಂಡಿದ್ದೇನೆ.

ಆಫೆನ್ಸಿವ್ ಲೈನ್ ವಿಷಯದಲ್ಲಿ ಇವತ್ತಿನ ತೂಕಕ್ಕೆ ಅವರು ಹೆಚ್ಚು ಬೆಲೆ ಕೊಡುವುದಿಲ್ಲ. ಕಾಲೇಜಿನ ಅಡುಗೆಮನೆ ಮತ್ತು ವ್ಯಾಯಾಮಶಾಲೆ ಸೇರಿ ಎರಡು ಮೂರು ವರ್ಷದಲ್ಲಿ 50 ಪೌಂಡ್ ಏರಿಸಬಲ್ಲವು. ತೋಳಿನ ಉದ್ದ, ಪಾದದ ಚುರುಕು, ಸೊಂಟ ಮತ್ತು ಮೊಣಕಾಲು ಬಗ್ಗಿಸಿ ಕೆಳಗೆ ಕೂರುವ ಸಹಜತೆ ಇವುಗಳನ್ನು ಯಾರೂ ಏರಿಸಲಾರರು. ನಮ್ಮ ಕಡೆಯ ದನದ ಜಾತ್ರೆಯಲ್ಲಿ ಅನುಭವಸ್ಥರು ಕರುವಿನ ಮೈ ನೋಡದೆ ಎಲುಬು, ಗೊರಸು, ನಡಿಗೆ ನೋಡುತ್ತಾರಲ್ಲ, ಅದೇ ರೀತಿ (ಮಕ್ಕಳಿಗೆ ಒಪ್ಪುವ ಹೋಲಿಕೆಯಲ್ಲ ಎಂದು ಗೊತ್ತಿದೆ). ಹದಿನೇಳಕ್ಕೇ 295 ಪೌಂಡ್ ಇರುವ ಹುಡುಗ ಹೈಸ್ಕೂಲಿನಲ್ಲಿ ಎದುರಿಗಿರುವವರನ್ನು ಬರಿಯ ಭಾರದಿಂದಲೇ ತಳ್ಳಿಬಿಡುತ್ತಾನೆ. ಕಾಲೇಜಿನಲ್ಲಿ ಎದುರಾಳಿಯೂ ಅಷ್ಟೇ ಭಾರವಿದ್ದು ಇನ್ನೂ ವೇಗವಾಗಿದ್ದಾಗ, ಕಾಲು ಚಲಿಸದಿದ್ದರೆ ಆ ಭಾರವೇ ಹೊರೆಯಾಗುತ್ತದೆ.

ಅದಕ್ಕೇ ಕೋಚ್‌ಗಳು ‘ಬೇರೆ ಯಾವ ಆಟ ಆಡುತ್ತಾನೆ’ ಎಂದು ಕೇಳುತ್ತಾರೆ. ಟ್ರಿಸ್ಟನ್ ವರ್ಫ್ಸ್ ಅಯೋವಾದ ಮೌಂಟ್ ವರ್ನನ್ ಎಂಬ ಚಿಕ್ಕ ಊರಿನವನು. ಅಲ್ಲಿ ಕುಸ್ತಿ, ಗುಂಡು ಎಸೆತ, ಡಿಸ್ಕಸ್ ಮೂರರಲ್ಲೂ ರಾಜ್ಯ ಚಾಂಪಿಯನ್ ಆಗಿ ಅಯೋವಾ ವಿಶ್ವವಿದ್ಯಾಲಯ ಸೇರಿದ. 2020ರಲ್ಲಿ 13ನೆಯವನಾಗಿ ಡ್ರಾಫ್ಟ್ ಆದ. ಕುಸ್ತಿಯಲ್ಲಿ ಗೆಲ್ಲುವವನಿಗೆ ತನ್ನ ತೂಕದ ಕೇಂದ್ರ ಎಲ್ಲಿದೆ ಎಂಬುದು ಗೊತ್ತಿರುತ್ತದೆ; ಡಿಸ್ಕಸ್ ಎಸೆಯುವವನ ಪಾದ ಮತ್ತು ಸೊಂಟ ಒಂದೇ ಲಯದಲ್ಲಿ ತಿರುಗುತ್ತವೆ. ನಿಮ್ಮ ಚಿಕ್ಕ ಊರಿನ ಹುಡುಗ ಬಾಸ್ಕೆಟ್‌ಬಾಲ್ ಆಡುತ್ತಾನೋ, ಗುಂಡು ಎಸೆಯುತ್ತಾನೋ ವಿಚಾರಿಸಿ. ಹೌದಾದರೆ ಕೋಚ್ ಕಂಡಿರುವುದು ಅದನ್ನೇ ಇರಬೇಕು.

ಇನ್ನು ವಿಡಿಯೊ ಬಗ್ಗೆ. ಅಭಿಮಾನಿಗಳು ನೋಡುವುದು ಹಡಲ್ ಎಂಬ ವಿಡಿಯೊ ತಾಣದಲ್ಲಿ ಹುಡುಗರೇ ಹಾಕುವ ಹೈಲೈಟ್. ಮೂರು ನಿಮಿಷದಲ್ಲಿ ಎಲ್ಲರೂ ಶೂರರೇ. ಕೋಚ್‌ಗಳು ಪೂರ್ತಿ ಪಂದ್ಯ ಕೇಳುತ್ತಾರೆ, ಅದರಲ್ಲೂ ಆ ತಂಡ ಸೋತ ಪಂದ್ಯವನ್ನು. ಚೆಂಡು ತನ್ನ ಕಡೆ ಬಾರದಿದ್ದಾಗ ಹುಡುಗ ಓಡುತ್ತಾನೋ ನಿಲ್ಲುತ್ತಾನೋ, ಒಂದು ಬಾರಿ ಸೋತ ಮೇಲೆ ಮುಂದಿನ ಬಾರಿ ಕಾಲಿಡುವ ಕ್ರಮ ಬದಲಿಸುತ್ತಾನೋ ಇಲ್ಲವೋ ಅಲ್ಲಿ ಕಾಣುತ್ತದೆ. ಎದುರಾಳಿ ಯಾರು ಎಂಬುದೂ ಮುಖ್ಯ. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ 6ಎ ಶಾಲೆಯ ಹುಡುಗ ಪ್ರತಿ ವಾರ ಕಾಲೇಜಿಗೆ ಹೋಗುವಂಥವರ ಎದುರು ಆಡುತ್ತಾನೆ. 2ಎ ಶಾಲೆಯವನು ಹಾಗಲ್ಲ. ಆದ್ದರಿಂದ ಚಿಕ್ಕ ಶಾಲೆಯ ಹುಡುಗ ಗೆದ್ದರೆ ಸಾಲದು, ಎದುರಿಗಿದ್ದವನು ಆಟವನ್ನೇ ಬಿಟ್ಟುಬಿಡುವಷ್ಟು ಗೆಲ್ಲಬೇಕು ಎಂದು ಒಬ್ಬ ಕೋಚ್ ಹೇಳಿದ್ದು ನೆನಪಿದೆ.

ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಲ್ಲಂತೂ ಶಾಲೆಯ ಆಟದ ಪದ್ಧತಿಯೇ ಕಣ್ಣು ಕಟ್ಟುತ್ತದೆ. ಕ್ಯಾಮ್ ವಾರ್ಡ್ ನಮ್ಮ ಟೆಕ್ಸಾಸ್‌ನ ವೆಸ್ಟ್ ಕೊಲಂಬಿಯಾದವನು. ಅವನ ಹೈಸ್ಕೂಲ್ ವಿಂಗ್-ಟಿ ಆಡುತ್ತಿತ್ತು, ಅಂದರೆ ಚೆಂಡನ್ನು ಹೊತ್ತು ಓಡುವುದೇ ಹೆಚ್ಚು, ಎಸೆಯುವುದು ಅಪರೂಪ. ಎಸೆದದ್ದೇ ಕಡಿಮೆಯಿದ್ದುದರಿಂದ ಅವನಿಗೆ ಸ್ಟಾರ್ ಇರಲಿಲ್ಲ. ಸ್ಯಾನ್ ಆಂಟೋನಿಯೊದ ಇನ್ಕಾರ್ನೇಟ್ ವರ್ಡ್‌ನಿಂದ ಶುರುಮಾಡಿ, ವಾಷಿಂಗ್ಟನ್ ಸ್ಟೇಟ್, ಮಯಾಮಿಗಳನ್ನು ದಾಟಿ 2025ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆಯಾದ. ಇನ್ನೊಂದು ಕಡೆ, ವಾರಕ್ಕೆ ನಲವತ್ತು ಸಲ ಎಸೆಯುವ ಪದ್ಧತಿಯಲ್ಲಿ ಆಡಿ ರಾಶಿ ರಾಶಿ ಗಜಗಳನ್ನು ಗಳಿಸಿದ ಎಷ್ಟೋ ಹುಡುಗರು ಕಾಲೇಜಿನಲ್ಲಿ ಎರಡನೆಯ ರಿಸೀವರ್‌ನ (ಚೆಂಡು ಹಿಡಿಯುವವನ) ಕಡೆ ಕಣ್ಣು ಹೊರಳಿಸಲಾರದೆ ಬೆಂಚಿನಲ್ಲಿ ಕೂತಿದ್ದಾರೆ.

ವೇಗದ ವಿಷಯದಲ್ಲಿ ಒಂದು ಎಚ್ಚರಿಕೆ. 40 ಗಜದ ಓಟಕ್ಕೆ ಶಾಲೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಬರೆದ ಸಮಯವನ್ನು ನಂಬಬೇಡಿ. ಕೈಯಿಂದ ಅಳೆದ ಸಮಯ ವಿದ್ಯುನ್ಮಾನ ಅಳತೆಗಿಂತ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ರಿಸೀವರ್ ಅಥವಾ ಅವನನ್ನು ಕಾಯುವ ಕಾರ್ನರ್‌ಬ್ಯಾಕ್ ಆಗಿದ್ದರೆ ಟ್ರ್ಯಾಕ್ ಕೂಟದ 100 ಮೀಟರ್ ಸಮಯ ಹುಡುಕಿ. ಹಾಗೆಯೇ ಹುಟ್ಟಿದ ದಿನಾಂಕ. ಒಂದೇ ತರಗತಿಯ ಇಬ್ಬರ ನಡುವೆ ಒಂದು ವರ್ಷಕ್ಕೂ ಮೀರಿ ಅಂತರವಿರುವುದುಂಟು. ಹತ್ತೊಂಬತ್ತಕ್ಕೆ ಬಂದವನು ಹದಿನೇಳರವನನ್ನು ಉರುಳಿಸಿದರೆ ಅದರಲ್ಲಿ ಬೆರಗಾಗುವಂಥದ್ದೇನಿಲ್ಲ.

ಮಾರ್ಕ್ಸ್ ಕಾರ್ಡನ್ನೂ ಬಿಡುವಂತಿಲ್ಲ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಆಡಲು 16 ಮುಖ್ಯ ವಿಷಯಗಳು ಮತ್ತು ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕು, ಆ 16ರಲ್ಲಿ 10 ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ಮುಗಿದಿರಬೇಕು. ಪ್ರತಿಭೆ ಎಷ್ಟಿದ್ದರೂ ಎರಡನೆಯ ವರ್ಷದ ಬೀಜಗಣಿತದಲ್ಲಿ ನಿಂತುಹೋದವರನ್ನು ನನ್ನ ತರಗತಿಯಲ್ಲೇ ನೋಡಿದ್ದೇನೆ.

ಉತ್ತರ: ಪೋರ್ಟಲ್ ಸಂಶಯಿ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಇಬ್ಬರ ವಾದವೂ ಹಳೆಯ ಕಾಲದ ನಿಯಮಗಳ ಮೇಲೆ ನಿಂತಿದೆ ಎಂದು ವಿನಯದಿಂದ ಹೇಳಬೇಕಾಗಿದೆ. 240 ಪೌಂಡ್ ಹುಡುಗನನ್ನು ಮೂರು ವರ್ಷ ಬೆಳೆಸುವ ಯೋಜನೆಗೆ ಒಂದು ಷರತ್ತಿದೆ: ಬೆಳೆದ ಮೇಲೆ ಅವನು ಅಲ್ಲೇ ಇರಬೇಕು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಪಟ್ಟಿ) ಬಂತು, 2021ರಲ್ಲಿ ಒಂದು ವರ್ಷ ಹೊರಗುಳಿಯದೆ ಒಂದು ಸಲ ತಂಡ ಬದಲಿಸಲು ಅವಕಾಶವಾಯಿತು ಮತ್ತು ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವುದು ಕಾನೂನುಬದ್ಧವಾಯಿತು, 2024ರಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದೆಂದಾಯಿತು. ಇದರ ಮೇಲೆ, 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ, ಹೌಸ್ ಎಂಬ ಮೊಕದ್ದಮೆಯ ಒಪ್ಪಂದದಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್. ನಮ್ಮಂಥ ಸಣ್ಣ ತಂಡಗಳು ಆ ಮಿತಿಯ ಹತ್ತಿರಕ್ಕೂ ಹೋಗಲಾರವು. ನಾವು ಉಣ್ಣಿಸಿ ಬೆಳೆಸಿದ ಟ್ಯಾಕಲ್ ಮೂರನೆಯ ವರ್ಷ ಚೆನ್ನಾಗಿ ಆಡಿದರೆ, ನಾಲ್ಕನೆಯ ವರ್ಷ ಅವನನ್ನು ದೊಡ್ಡ ತಂಡದ ಅಂಗಿಯಲ್ಲಿ ನೋಡುತ್ತೀರಿ.

ಅದೇ ಒಪ್ಪಂದ ಇನ್ನೊಂದು ಬಾಗಿಲನ್ನೂ ಕಿರಿದಾಗಿಸಿದೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ ಒಟ್ಟು 105 ಆಟಗಾರರ ಮಿತಿ ಬಂದಿದೆ. ಮೊದಲು ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್ ಹುಡುಗರನ್ನು ಎಷ್ಟು ಬೇಕಾದರೂ ಸೇರಿಸಿಕೊಳ್ಳಬಹುದಿತ್ತು. ಜೆ.ಜೆ. ವಾಟ್ ಸೆಂಟ್ರಲ್ ಮಿಷಿಗನ್‌ನಲ್ಲಿ ಟೈಟ್ ಎಂಡ್ ಆಗಿದ್ದವನು ಅದನ್ನು ಬಿಟ್ಟು ವಿಸ್ಕಾನ್ಸಿನ್‌ಗೆ ವಾಕ್-ಆನ್ ಆಗಿ ಬಂದು, ಡಿಫೆನ್ಸಿವ್ ಲೈನ್‌ನಲ್ಲಿ ನೆಲೆ ಕಂಡುಕೊಂಡು 2011ರಲ್ಲಿ 11ನೆಯವನಾಗಿ ಡ್ರಾಫ್ಟ್ ಆದದ್ದು ಆ ಸಡಿಲಿಕೆಯಿಂದ. ಇವತ್ತು ಪ್ರತಿಯೊಂದು ಜಾಗಕ್ಕೂ ಬೆಲೆಯಿದೆ. ಕಾದು ನೋಡುವ ಹುಡುಗನಿಗೆ ಜಾಗ ಕೊಟ್ಟರೆ, ಈಗಲೇ ಆಡಬಲ್ಲ ಇಪ್ಪತ್ತೆರಡು ವರ್ಷದ ಪೋರ್ಟಲ್ ಆಟಗಾರನಿಗೆ ಜಾಗ ಇಲ್ಲವಾಗುತ್ತದೆ.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ನಾನು ಮೊದಲು ಕೇಳುವುದು, 24 ಹೈಸ್ಕೂಲ್ ಹುಡುಗರನ್ನು ಏಕೆ ತೆಗೆದುಕೊಂಡಿರಿ ಎಂದು. ಎದುರಾಳಿಗಳು 16ಕ್ಕೆ ನಿಲ್ಲಿಸಿದ್ದು ಉಳಿದ ಜಾಗಗಳನ್ನು ಪೋರ್ಟಲ್‌ಗೆ ಮೀಸಲಿಟ್ಟಿದ್ದರಿಂದ ಇರಬಹುದು.

ಪ್ರಶ್ನೆ ಕೇಳಿದವರಿಂದ: ಉತ್ತರ ಟೆಕ್ಸಾಸ್ ವಾಸಿ

ಮೂವರಿಗೂ ವಂದನೆಗಳು. ವಿಚಾರಿಸಿದೆ: ಹುಡುಗ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ, ಗುಂಡು ಎಸೆತದಲ್ಲಿ ರಾಜ್ಯ ಮಟ್ಟದ ಕೂಟಕ್ಕೆ ಹೋಗಿದ್ದಾನೆ. ಆದರೆ ಪೋರ್ಟಲ್ ಬಗ್ಗೆ ಹೇಳಿದ್ದು ಚಿಂತೆಗೆ ಹಚ್ಚಿದೆ. ಹುಡುಗ ಉಳಿಯುತ್ತಾನೋ ಹೋಗುತ್ತಾನೋ ಎಂಬುದನ್ನೂ ಮೊದಲೇ ಅಳೆಯಲು ಬರುತ್ತದೆಯೇ?

ಉತ್ತರ: ಶುಕ್ರವಾರದ ಕ್ಯಾಮೆರಾ

ಖಚಿತವಾಗಿ ಬರುವುದಿಲ್ಲ, ಆದರೆ ಕೋಚ್‌ಗಳು ಪ್ರಯತ್ನಿಸುತ್ತಾರೆ. ನನ್ನ ಬಳಿ ಅವರು ಈಗ ಹೆಚ್ಚು ಕೇಳುವುದು ಆಟದ ಬಗ್ಗೆ ಅಲ್ಲ. ಈ ಹುಡುಗ ಒಂಬತ್ತನೆಯ ತರಗತಿಯಿಂದ ಇದೇ ಶಾಲೆಯಲ್ಲಿದ್ದಾನೋ, ಆಡಲು ಅವಕಾಶ ಕಡಿಮೆಯೆಂದು ಶಾಲೆ ಬದಲಿಸಿದ್ದಾನೋ. ಕ್ಯಾಂಪಸ್ ನೋಡಲು ಬಂದಾಗ ತಂದೆತಾಯಿ ಎಂಜಿನಿಯರಿಂಗ್ ವಿಭಾಗ ಎಲ್ಲಿದೆ ಎಂದು ಕೇಳಿದರೋ, ಹಣದ ಮಾತನ್ನಷ್ಟೇ ಆಡಿದರೋ. ಊರು ಎಷ್ಟು ದೂರ, ಶನಿವಾರದ ಆಟಕ್ಕೆ ಅಜ್ಜಿ ಕಾರಿನಲ್ಲಿ ಬರಬಹುದೋ. ‘ಪೋರ್ಟಲ್ ಸಂಶಯಿ’ಯವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ದೊಡ್ಡ ತಂಡ ಕೊಂಡೊಯ್ಯುವಷ್ಟು ಚೆನ್ನಾಗಿ ಅವನು ಬೆಳೆದರೆ, ಅದಕ್ಕೂ ಮೊದಲು ಒಂದು ಇಲ್ಲವೇ ಎರಡು ಸೀಸನ್ ನಿಮಗಾಗಿಯೇ ಆಡಿರುತ್ತಾನೆ. ಪೋರ್ಟಲ್‌ನಲ್ಲಿ ಅಂಥ ಟ್ಯಾಕಲ್‌ನನ್ನು ಕೊಳ್ಳಲು ನಿಮ್ಮ ಕಾಲೇಜಿನ ಹತ್ತಿರ ಹಣ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಮೂರು ಸ್ಟಾರ್‌ನವನ ಪೂರ್ತಿ ಪಂದ್ಯದ ವಿಡಿಯೊ ಸಿಕ್ಕರೆ ಕಳಿಸಿ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನ ಕಾಲು ಹೇಗಿದೆ ಎಂದು ನೋಡಿದ ಮೇಲೆ ಕೋಚ್ ಬಗ್ಗೆ ತೀರ್ಪು ಕೊಡೋಣ.

ಉತ್ತರ: ಅಂಕಿಅಂಶಪ್ರಿಯ

ಗುಂಡು ಎಸೆತದ ಸಂಗತಿ ಗೊತ್ತಾದ ಮೇಲೆ ನನ್ನ ಆಕ್ಷೇಪ ಸ್ವಲ್ಪ ಮೆತ್ತಗಾಗಿದೆ. ಆದರೂ 24ರಲ್ಲಿ ಇಂಥವರು ಎಷ್ಟು ಮಂದಿ ಎಂದು ಎಣಿಸಿ. ಇಬ್ಬರು ಮೂವರಿದ್ದರೆ ಅದು ಕೋಚ್‌ನ ಕಣ್ಣು. ಹತ್ತು ಮಂದಿಯಿದ್ದರೆ ಬೇರೆಯವರು ಇವರನ್ನು ಬೇಡವೆಂದಿದ್ದಾರೆ ಎಂದೇ ಅರ್ಥ.